ದೂರದ ಸಭೆ ಮತ್ತು ದಾನದ ಲಕ್ಷಣ

ಉಮಾಸ್ವಾತಿಯ ತತ್ತ್ವಾರ್ಥಸೂತ್ರವೆಂಬ ಜೈನ ಗ್ರಂಥವು ದಾನದ ಲಕ್ಷಣವನ್ನು ಅನುಗ್ರಹ ಮತ್ತು ಸ್ವತ್ತಿನ ತ್ಯಾಗ ಎಂಬ ಎರಡು ಅಂಶಗಳಲ್ಲಿ ನಿರೂಪಿಸುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯೆಂಬ ತಮ್ಮ ವ್ಯಾಖ್ಯಾನದಲ್ಲಿ ಆ ಅನುಗ್ರಹವು ಕೊಡುವವನಿಗೂ ಪಡೆಯುವವನಿಗೂ ಆಗುವ ಉಪಕಾರವೆಂದು ವಿವರಿಸಿದ್ದಾರೆ. ಈ ಲಕ್ಷಣದಲ್ಲಿ ಬೆಲೆಯ ಮಾತೇ ಇಲ್ಲ; ಕೊಟ್ಟವನು ವಸ್ತುವಿನ ಮೇಲಿನ ಹಿಡಿತವನ್ನು ಬಿಟ್ಟನೇ ಎಂಬುದೇ ಮುಖ್ಯ. ದೂರದೂರದ ಊರುಗಳಲ್ಲಿರುವವರು ಪರದೆಯ ಮೇಲೆ ಮುಖ ನೋಡಿ ಮಾತನಾಡುವ ವಿಡಿಯೋ ಸಭೆಗೆ ಹಣ ಕೇಳದ ಸೇವೆಗಳು ಇಂದು ಹಲವಿರುವುದರಿಂದ, ಅವುಗಳಲ್ಲಿ ಯಾವುದು ದಾನ, ಯಾವುದು ಬರಿಯ ಬೆಲೆಯಿಲ್ಲದ ಸರಕು ಎಂದು ತೂಗಿ ನೋಡಲು ಈ ಲಕ್ಷಣವು ನೆರವಾಗುತ್ತದೆ.

ಇಂಥ ಸಭೆಗಳನ್ನು ನಡೆಸುವ ಜಿಟ್ಸಿ ಎಂಬ ತಂತ್ರಾಂಶವನ್ನು 2003ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಎಮಿಲ್ ಇವೋವ್ ಆರಂಭಿಸಿದರು. 2015ರಲ್ಲಿ ಒಂದು ಕಂಪನಿಯೂ 2018ರಲ್ಲಿ ಇನ್ನೊಂದು ಕಂಪನಿಯೂ ಅದನ್ನು ಕೊಂಡವು. ಆದರೂ ಅದರ ಮೂಲಸಂಕೇತ, ಅಂದರೆ ತಂತ್ರಾಂಶವನ್ನು ಕಟ್ಟಿದ ಬರಹರೂಪದ ಸೂಚನೆಗಳು, ಮುಕ್ತ ಪರವಾನಗಿಯಡಿ ತೆರೆದೇ ಉಳಿದಿದ್ದು, ಪಡೆದವನ ಕೈಯಲ್ಲಿರುವ ಪ್ರತಿಯನ್ನು ಮರಳಿ ಕಸಿದುಕೊಳ್ಳುವ ಅಧಿಕಾರ ಯಾವ ಒಡೆಯನಿಗೂ ಇಲ್ಲ. ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ಜೈನರು ಎಣಿಸುವ ನಾಲ್ಕು ದಾನಗಳಲ್ಲಿ ಇದು ಶಾಸ್ತ್ರದಾನಕ್ಕೆ ಸಮೀಪವಾದುದು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗಳ ಮೇಲೆ ಬರೆಯಿಸಿ ಹಂಚಿದಾಗ ಕಾವ್ಯವೇನೂ ಕಡಮೆಯಾಗಲಿಲ್ಲ, ಆದರೆ ಒಂದೊಂದು ಪ್ರತಿಗೂ ಲಿಪಿಕಾರನ ಶ್ರಮ ಸಂದಿತು; ತಂತ್ರಾಂಶದ ನಕಲಿಗೆ ಆ ಶ್ರಮವೂ ಬಹುಮಟ್ಟಿಗೆ ಬೇಡವಾದುದರಿಂದ, ಜ್ಞಾನವನ್ನು ಕೊಡದೆ ತಡೆಹಿಡಿಯುವವನ ಸಮರ್ಥನೆ ಇಲ್ಲಿ ಇನ್ನಷ್ಟು ದುರ್ಬಲವಾಗುತ್ತದೆ.

ತಂತ್ರಾಂಶ ಹಂಚಿದಷ್ಟೂ ಸವೆಯದು, ಸಭೆಯಾದರೋ ಸವೆಯುವ ವಸ್ತುಗಳನ್ನೇ ಬೇಡುತ್ತದೆ. ಸೇರುವವರ ಕಡೆ ಲಿನಕ್ಸ್ ಹಾಕಿದ ಸಾಧಾರಣ ಕಂಪ್ಯೂಟರ್, ಫೈರ್‌ಫಾಕ್ಸ್ ಅಥವಾ ಕ್ರೋಮಿಯಂ ಬ್ರೌಸರ್, ಯುವಿಸಿ ಎಂಬ ಮಾನದಂಡಕ್ಕೆ ಹೊಂದುವ ಅಗ್ಗದ ವೆಬ್‌ಕ್ಯಾಮ್ ಇದ್ದರೆ ಸಾಕು, ಏಕೆಂದರೆ ಅಂಥ ಕ್ಯಾಮೆರಾವನ್ನು ನಡೆಸುವ ಚಾಲಕ ಲಿನಕ್ಸ್‌ನ ತಿರುಳಿನಲ್ಲೇ ಸೇರಿದೆ. ಆದರೆ ಹತ್ತು ಜನ ತಮ್ಮ ಚಿತ್ರವನ್ನು ನೇರವಾಗಿ ಕಳಿಸಿಕೊಳ್ಳಹೋದರೆ ಒಬ್ಬೊಬ್ಬರೂ ಒಂಬತ್ತು ಕಡೆಗೆ ಕಳಿಸಬೇಕಾಗುತ್ತದೆ, ನಿಧಾನಗತಿಯ ಇಂಟರ್‌ನೆಟ್ ಆ ಹೊರೆಯನ್ನು ತಾಳದು. ಆದ್ದರಿಂದ ಜಿಟ್ಸಿಯಲ್ಲಿ ವಿಡಿಯೋ ಬ್ರಿಡ್ಜ್ ಎಂಬ ನಡುವಣ ಸರ್ವರ್ ಇದ್ದು, ಒಬ್ಬೊಬ್ಬರೂ ತನ್ನೆಡೆಗೆ ಮಾತ್ರ ಕಳಿಸಿದ ಚಿತ್ರವನ್ನು ಅದು ಉಳಿದವರಿಗೆ ಹಂಚುತ್ತದೆ. ಆ ಸರ್ವರಿನ ಬಾಡಿಗೆ, ವಿದ್ಯುತ್ತು, ಡೇಟಾ ಇವು ಆಹಾರದಾನದ ಜಾತಿಗೆ ಸೇರಿದವು: ಬಳಸಿದಂತೆ ತೀರುತ್ತವೆ, ಯಾರಾದರೂ ಮತ್ತೆ ಮತ್ತೆ ಒದಗಿಸಲೇಬೇಕು. ತಂತ್ರಾಂಶ ಉಚಿತವೆಂಬ ಕಾರಣಕ್ಕೆ ಈ ದಾನಿಯನ್ನು ಮರೆಯುವುದು ಅನ್ಯಾಯ.

ಎಲ್ಲಕ್ಕಿಂತ ಕಠಿಣವಾದುದು ಅಭಯ. ಶಾಸ್ತ್ರಗ್ರಂಥಗಳಲ್ಲಿ ಅಭಯದಾನವೆಂದರೆ ಮೊದಲಿಗೆ ಜೀವಿಗಳನ್ನು ಪ್ರಾಣಭಯದಿಂದ ಕಾಪಾಡುವುದೇ ಆಗಿರುವುದರಿಂದ, ಅದನ್ನು ಕದ್ದು ಕೇಳುವವರ ಭಯಕ್ಕೂ ಹಿಗ್ಗಿಸುವುದು ಅತಿಯೆನಿಸಬಹುದು. ಆದರೆ ಗುರುವಿನ ಮುಂದೆ ತನ್ನ ದೋಷಗಳನ್ನು ತೋಡಿಕೊಳ್ಳುವ, ಜೈನರು ಆಲೋಚನೆ ಎಂದು ಕರೆಯುವ ಆಚರಣೆ ಪರದೆಯ ಮೂಲಕ ನಡೆದರೆ, ಮೂರನೆಯವನ ಕಿವಿ ಅಲ್ಲಿದೆಯೆಂಬ ಶಂಕೆಯೇ ನಾಲಗೆಯನ್ನು ಕಟ್ಟಿಹಾಕುತ್ತದೆ. ಈ ಶಂಕೆ ನಿರಾಧಾರವಲ್ಲ. ಸಾಮಾನ್ಯ ಏರ್ಪಾಟಿನಲ್ಲಿ ಮಾತು ಬ್ರಿಡ್ಜ್‌ವರೆಗಿನ ದಾರಿಯಲ್ಲಿ ಗೂಢಲಿಪಿಯಾಗಿದ್ದು ಬ್ರಿಡ್ಜ್‌ನೊಳಗೆ ಬಿಚ್ಚಿಕೊಳ್ಳುತ್ತದೆ, ಹೀಗಾಗಿ ಸರ್ವರಿನ ಒಡೆಯ ಮನಸ್ಸು ಮಾಡಿದರೆ ಕೇಳಬಲ್ಲ. ಹಣ ಪಡೆಯದೆಯೂ ಹಿಡಿತವನ್ನು ಉಳಿಸಿಕೊಂಡ ಅವನ ಕೊಡುಗೆ ದಾನದ ಲಕ್ಷಣಕ್ಕೆ ಪೂರ್ತಿಯಾಗಿ ಒಳಪಡದು. ಜಿಟ್ಸಿಗೆ 2020ರಲ್ಲಿ ಸೇರಿದ ಆದ್ಯಂತ ಗೂಢಲಿಪೀಕರಣವು ಬೀಗದಕೈಯನ್ನು ಸಭಿಕರಲ್ಲಿಯೇ ಉಳಿಸಿ, ಸರ್ವರ್ ನಡೆಸುವವನೂ ಆ ಹಿಡಿತವನ್ನು ಬಿಟ್ಟುಕೊಡುವಂತೆ ಮಾಡುತ್ತದೆ. ಆಗ ಸರ್ವರಿನಲ್ಲಿ ಸಭೆಯನ್ನು ಮುದ್ರಿಸಿಡುವ, ಸಾದಾ ದೂರವಾಣಿಯಿಂದ ಸೇರಿಸಿಕೊಳ್ಳುವ ಅನುಕೂಲಗಳು ಇಲ್ಲವಾಗುತ್ತವೆ. ಸ್ವಾಧ್ಯಾಯಕ್ಕೋ ದೋಷನಿವೇದನೆಗೋ ಇಂಥ ಸಭೆಯನ್ನು ಏರ್ಪಡಿಸುವವನು ಅವನ್ನು ಬಿಟ್ಟುಕೊಟ್ಟೇ ಅಭಯವನ್ನು ಕೊಡಬೇಕಾಗುತ್ತದೆ.