ಹಸಿ ನೆಲದ ಮೇಲೆ ಶುಭಲಗ್ನ

ಗೃಹಪ್ರವೇಶದ ಕಾರ್ಡಿನಲ್ಲಿ ತಿಥಿ, ವಾರ, ನಕ್ಷತ್ರ, ಲಗ್ನ ಎಲ್ಲವೂ ಗಂಟೆ-ನಿಮಿಷ ಸಹಿತ ಅಚ್ಚಾಗಿರುತ್ತವೆ. ನೆಲಕ್ಕೆ ಸಿಮೆಂಟಿನ ಬೆಡ್ ಹಾಕಿದ್ದು ಯಾವತ್ತು ಎಂಬುದನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಕಡೆ ನೆಲ ಹಾಸುವ ಗೌಂಡಿ ನಾನು. ಮೊದಲು ಶಹಾಬಾದ್ ಪರಸಿ ಹಾಸುತ್ತಿದ್ದೆ, ಈಗ ಟೈಲ್ಸ್, ಗ್ರಾನೈಟ್. ಕಾರ್ಡು ಹಂಚಿ ಆದ ಮೇಲೆ ನನ್ನನ್ನು ಕರೆಯುವವರೇ ಹೆಚ್ಚು. "ಇನ್ನ ಹದಿನೈದ ದಿನಾ ಐತ್ರಿ, ಹೆಂಗರ ಮಾಡಿ ಮುಗಿಸಿ ಕೊಡ್ರಿ" ಎನ್ನುತ್ತಾರೆ. ನಾನು ಬಗ್ಗಿ ಬೆಡ್ಡಿನ ಮೇಲೆ ಅಂಗೈ ಊರುತ್ತೇನೆ. ತಣ್ಣಗೆ ಹತ್ತುತ್ತದೆ. ಅಲ್ಲಿಂದ ವಾದ ಶುರು.

ವಾದ ಸಿಮೆಂಟಿನದು ಎಂದು ಮೇಲುನೋಟಕ್ಕೆ ಕಾಣುತ್ತದೆ. ಒಳಗೆ ಅದು ದೇವರ ವಾದ. ದೇವರು ಕೊಟ್ಟ ವೇಳೆ ಎಂದು ನಂಬಿದ ಮುಹೂರ್ತ ಒಂದು ಕಡೆ. ಅದೇ ದೇವರ ಮಣ್ಣು, ನೀರು, ಗಾಳಿ ಕೇಳುವ ವೇಳೆ ಇನ್ನೊಂದು ಕಡೆ. ಎರಡಕ್ಕೂ ಜಗಳ ಬಿದ್ದಾಗ ಯಾವುದಕ್ಕೆ ಕೈ ಮುಗಿಯಬೇಕು?

ಬೆಡ್ಡಿನ ಲೆಕ್ಕ ಸರಳ. ಮೊದಲ ಏಳು ದಿನ ಅದಕ್ಕೆ ನೀರು ಕುಡಿಸಿ ಸಾಕಬೇಕು. ಆಮೇಲೆ ಅದೇ ನೀರನ್ನು ಹೊರಗೆ ಹೋಗಗೊಡಬೇಕು. ಒಂದು ಮಿಲಿಮೀಟರ್ ದಪ್ಪಕ್ಕೆ ಒಂದು ದಿನ ಎಂದು ಅಂದಾಜು ಹಿಡಿದರೆ ಎರಡು ಇಂಚಿನ ಬೆಡ್ಡಿಗೆ ಸುಮಾರು 50 ದಿನ, ಮಳೆಗಾಲವಾದರೆ ಇನ್ನೂ ಹೆಚ್ಚು. ಮೇಲಿನಿಂದ ನೋಡಿದರೆ ವಾರದೊಳಗೇ ಬೆಳ್ಳಗಾಗಿ ಒಣಗಿದಂತೆ ಕಾಣುತ್ತದೆ, ಯಜಮಾನರು ಮೋಸ ಹೋಗುವುದು ಅಲ್ಲೇ. ಎರಡು ಅಡಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಬಿಗಿದು ಒಂದು ಹಗಲು-ರಾತ್ರಿ ಬಿಟ್ಟರೆ ನಿಜ ತಿಳಿಯುತ್ತದೆ. ಹಾಳೆಯ ಒಳಮೈಗೆ ಹನಿ ಕಟ್ಟಿದ್ದರೆ, ಕೆಳಗಿನ ಸಿಮೆಂಟು ಕಪ್ಪಾಗಿದ್ದರೆ ನೆಲ ಇನ್ನೂ ಹಸಿ. ಟೈಲ್ಸ್ ನೀರಿಗೆ ಅಂಜುವುದಿಲ್ಲ. ತನ್ನ ಕೆಳಗಿನ ಬೆಡ್ ಒಣಗುತ್ತ ಕುಗ್ಗುವುದಕ್ಕೆ ಅಂಜುತ್ತದೆ. ಕುಗ್ಗಿದರೆ ಒಂದು ಮಧ್ಯಾಹ್ನ ಎರಡು ಟೈಲ್ಸ್ ತಲೆಗೆ ತಲೆ ಹಚ್ಚಿ ಮೇಲೆದ್ದು ನಿಲ್ಲುತ್ತವೆ. ಕಟ್ಟಿಗೆಯಂತೆ ಕಾಣುವ ವಿನೈಲ್ ಆದರಂತೂ ಅಂಟು ಬಿಟ್ಟು ಉಬ್ಬುತ್ತದೆ.

ಆಷಾಢದಲ್ಲಿ ಗೃಹಪ್ರವೇಶ ಮಾಡಬಾರದು ಎಂದು ಕಟ್ಟು ಮಾಡಿದವರು ಯಾರೋ ಹಳೆಯ ಗೌಂಡಿಗಳೇ ಇರಬೇಕು ಎಂದು ನಾನು ನಗಾಡುತ್ತೇನೆ. ಆ ಒಂದು ತಿಂಗಳು ನೆಲಕ್ಕೆ ಪುಕ್ಕಟೆ ರಜೆ. ನಮ್ಮ ಸೀಮೆಯಲ್ಲಿ ಗಾಳಿಯೂ ಆಗಲೇ ಜೋರು.

ಬೆಡ್ಡಿನೊಳಗಿನ ಹಸಿ ಒಂದಾದರೆ ಬುಡದಿಂದ ಬರುವ ಹಸಿ ಇನ್ನೊಂದು. ನಮ್ಮದು ಎರಿ ಮಣ್ಣು. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಮೊಣಕಾಲವರೆಗೆ ಕಾಲು ಇಳಿಯುತ್ತದೆ, ಮಳೆಗೆ ಅದೇ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ. ಎರಿ ತೆಗೆಸದೆ, ಗರಸು ತುಂಬಿ ಧಮ್ಮಸು ಹೊಡೆಯದೆ ಅದರ ಮೇಲೆ ನೆಲ ಹಾಕಿದರೆ ವರ್ಷಕ್ಕೊಮ್ಮೆ ಏರಿ, ಒಮ್ಮೆ ಇಳಿಯುತ್ತದೆ. ಹೀಗಾಗಿ ಬಿರುಕು ಕಂಡಾಗ ಅದು ಸತ್ತದ್ದೋ ಬದುಕಿದ್ದೋ ಎಂದು ಮೊದಲು ನೋಡಬೇಕು. ಅಡ್ಡಕ್ಕೆ ಒಂದು ಗಾಜಿನ ಚೂರು ಅಂಟಿಸಿ ತಾರೀಖು ಬರೆದು ಬರುತ್ತೇನೆ. ಮಳೆಗಾಲ, ಬೇಸಿಗೆ ಎರಡೂ ದಾಟಿದ ಮೇಲೂ ಗಾಜು ಇಡಿಯಾಗಿದ್ದರೆ ಬಿರುಕು ಸತ್ತಿದೆ, ಕೆತ್ತಿ ತುಂಬಿದರೆ ಮುಗಿಯಿತು. ಗಾಜು ಒಡೆದಿದ್ದರೆ ಆ ಬಿರುಕನ್ನು ಗಟ್ಟಿ ಸಿಮೆಂಟಿನಿಂದ ಮುಚ್ಚುವುದು ದಡ್ಡತನ, ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಅಂಥದಕ್ಕೆ ಅಲುಗಾಡಲು ಜಾಗ ಬಿಟ್ಟು, ಟೈಲ್ಸಿನ ಸಂದು ಸರಿಯಾಗಿ ಅದರ ನೆತ್ತಿಯ ಮೇಲೇ ಬರುವಂತೆ ಹಾಸಬೇಕು.

ನರಗುಂದದ ಕಥೆ ಮತ್ತೂ ಬೇರೆ. ಹಿಂದೆ ಅಲ್ಲಿ ಜೋಳ ಕೂಡಿಡಲು ಮನೆಯೊಳಗೆ, ಅಂಗಳದಲ್ಲಿ, ಓಣಿಯಲ್ಲಿ ಹಗೇವು ತೋಡಿದ್ದರು. ಮಲಪ್ರಭೆಯ ಕಾಲುವೆ ನೀರು ಸೀಮೆಗೆ ಬಂತು. ಆ ನೀರಿನ ಕರದ ಸಿಟ್ಟಿಗೇ 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬಂಡೆದ್ದದ್ದು. ಸುತ್ತ ನೀರಾವರಿ ಬೆಳೆದಂತೆ ನೆಲದೊಳಗಿನ ನೀರೂ ಮೇಲೇರಿತು, ಮರೆತುಹೋದ ಹಗೇವುಗಳ ಗೋಡೆ ನೆನೆದು ಸಡಿಲಾಯಿತು. 2019ರ ಆಚೀಚೆ ಊರಿನ ಹಳೇ ಓಣಿಗಳಲ್ಲಿ ಮನೆಯ ನೆಲ ಇದ್ದಕ್ಕಿದ್ದಂತೆ ಕುಸಿದದ್ದು ಪತ್ರಿಕೆಗಳಲ್ಲೆಲ್ಲ ಬಂತು.

ಅಂಥದೇ ಒಂದು ಓಣಿಯ ಮನೆಗೆ ನನ್ನನ್ನು ಕರೆದಿದ್ದರು. ಹಳೇ ಜಾಗ, ಹೊಸ ಮನೆ. ಪಡಸಾಲೆಯ ಬೆಡ್ಡಿನಲ್ಲಿ ಒಂದು ಬಿರುಕು. ಎರಿ ಮಣ್ಣಿನ ಬಿರುಕು ಹೀಗೆ ಬರುವುದಿಲ್ಲ. ಇದು ಕೈವಾರ ಹಿಡಿದು ಎಳೆದಂತೆ ದುಂಡಗೆ ಬಾಗಿತ್ತು. ಕರಣಿಯ ಹಿಡಿಯಿಂದ ಬಡಿದೆ. ಬಿರುಕಿನ ಹೊರಗೆ ಗಟ್ಟಿ ಸಪ್ಪಳ, ಒಳಗೆ ಪೊಳ್ಳು. "ಯಜಮಾನ್ರ, ಇದರ ಕೆಳಗ ಹಗೇವು ಐತಿ" ಅಂದೆ. ಅವರ ಮುಖ ಇಳಿಯಿತು. ಹಗೇವಿಗಿಂತ ಹೆಚ್ಚು ಅವರನ್ನು ಕಾಡುತ್ತಿದ್ದದ್ದು ತಾಯಿ. ಮುದುಕಿ ಹಾಸಿಗೆ ಹಿಡಿದಿದ್ದಳು. "ಈ ಮುಹೂರ್ತ ತಪ್ಪಿದ್ರ ಮುಂದಿಂದು ಮಾಗಿಗೆ ಐತಿ. ಅಲ್ಲೀತನಕಾ ಅವ್ವ ಇರ್ತಾಳೋ ಇಲ್ಲೋ."

ಮುಹೂರ್ತವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿಗೆ ಈ ಮಾತಿನ ಭಾರ ಗೊತ್ತಿಲ್ಲ. ಶುಭಲಗ್ನ, ರಾಶಿಕೂಟ ನೋಡುತ್ತ ಕೂಡಬೇಡಿ ಎಂದು ಬಸವಣ್ಣನವರು ಹನ್ನೆರಡನೇ ಶತಮಾನದಲ್ಲೇ ವಚನದಲ್ಲಿ ಹೇಳಿದ್ದಾರೆ, ನಮ್ಮ ಮಠದ ಶಿವಾನುಭವದಲ್ಲಿ ಅದನ್ನು ಕೇಳುತ್ತಲೇ ನಾನು ದೊಡ್ಡವನಾಗಿದ್ದೇನೆ, ಒಪ್ಪುತ್ತೇನೆ ಕೂಡ. ಆದರೂ ಮನುಷ್ಯನ ಆಯುಷ್ಯಕ್ಕೆ ಗಡುವು ಇದೆ. ಆ ಗಡುವಿನೊಳಗೆ ಒಂದು ಒಳ್ಳೆಯ ದಿನ ಗುರುತು ಮಾಡಿಕೊಳ್ಳುವುದನ್ನು ನಾನು ತಪ್ಪೆನ್ನಲಾರೆ. ತಾರೀಖು ಇಲ್ಲದಿದ್ದರೆ ನಮ್ಮ ಕಡೆ ಎಷ್ಟೋ ಮನೆ ಮುಗಿಯುವುದೇ ಇಲ್ಲ.

ಶರಣ ನುಲಿಯ ಚಂದಯ್ಯನ ಕಥೆಯೂ ನನಗೆ ನೆನಪಾಗುತ್ತಿರುತ್ತದೆ. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯ ಕೆಲಸ ಬಿಡಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿ ಬಂತು ಎನ್ನುತ್ತಾರೆ. ಕಾಯಕಕ್ಕಾಗಿ ಲಿಂಗವೇ ಕಾಯ್ದದ್ದು ನಿಜವಾದರೆ ಲಗ್ನ ಕಾಯಲಾರದೇ?

ನಾನು ಯಜಮಾನರನ್ನು ಒಂದೇ ಮಾತು ಕೇಳಿದೆ: "ಪಂಚಾಂಗದಾಗ ಟೈಲ್ಸ್ ಇರಬೇಕಂತ ಎಲ್ಲಿ ಬರದೈತ್ರಿ?" ಮುಹೂರ್ತ ಇರುವುದು ಹೊಸ್ತಿಲು ದಾಟಲಿಕ್ಕೆ, ಹಾಲು ಉಕ್ಕಿಸಲಿಕ್ಕೆ. ಹೊಳೆಯುವ ನೆಲ ಬೇಕಾಗಿರುವುದು ಊಟಕ್ಕೆ ಬರುವ ಬೀಗರಿಗೆ. ಜಗಳ ದೇವರಿಗೂ ನೆಲಕ್ಕೂ ಇರಲೇ ಇಲ್ಲ. ನಡುವೆ ನಿಂತಿದ್ದವರು ಮಂದಿ.

ಬೆಡ್ ಒಡೆಸಿದೆವು. ಹಗೇವಿನ ಬಾಯಿ ತೆರೆದ ಕೂಡಲೇ ಯಾರನ್ನೂ ಇಳಿಸಲಿಲ್ಲ. ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಒಂದು ರಾತ್ರಿ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಆರಲಿಲ್ಲ ಎಂದು ಖಾತ್ರಿಯಾದ ಮೇಲೆ ಇಣುಕಿದೆವು. ತಳದಲ್ಲಿ ನೀರು ನಿಂತಿತ್ತು. ನೀರೆತ್ತಿ, ಕಲ್ಲು, ಗರಸು ಪದರ ಪದರವಾಗಿ ತುಂಬಿ ಬಡಿದು, ಪ್ಲಾಸ್ಟಿಕ್ ಹಾಸಿ, ಮತ್ತೆ ಬೆಡ್ ಹಾಕಿದೆವು. ಗೃಹಪ್ರವೇಶ ಕಾರ್ಡಿನ ತಾರೀಖಿಗೇ ಆಯಿತು, ಬರೀ ಸಿಮೆಂಟಿನ ಮೇಲೆ ರಂಗೋಲಿ ಹಾಕಿ. ಅಯ್ಯನವರ ಪಾದಪೂಜೆಯ ನೀರು ಚೆಲ್ಲಿದಷ್ಟನ್ನು ಬೆಡ್ ಗಟಗಟ ಕುಡಿಯಿತು. ಅಳಿಯಂದಿರು ಮೂಗು ಮುರಿದರು. ಮುದುಕಿಯನ್ನು ಎತ್ತಿಕೊಂಡು ಬಂದು ಕೂರಿಸಿದಾಗ ಆಕೆ ನೆಲದ ಮೇಲೆ ಕೈಯಾಡಿಸಿ, "ಸಾರಿಸಿಲ್ಲೇನ?" ಎಂದು ಸೊಸೆಯನ್ನು ಗದರಿದಳು. ಟೈಲ್ಸ್ ಹಾಸಿದ್ದು ದೀಪಾವಳಿಯ ನಂತರ.

ಹಸಿಯನ್ನು ಮುಚ್ಚಿದವರಿಗೆ ದೇವರು ಶಿಕ್ಷೆ ಕೊಡುತ್ತಾನೆ ಎಂದು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ನನ್ನ ಮಾತು ಕೇಳದೆ ಬೇರೆ ಗೌಂಡಿಯಿಂದ ಹಸಿಯ ಮೇಲೇ ಹಾಸಿಸಿದ ಮನೆಗಳಿವೆ, ಕೆಲವು ನೆಲ ಇವತ್ತಿಗೂ ಗಟ್ಟಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರಿನ ಮನೆಗಳಿಗೆ ನುಗ್ಗಿದಾಗ ಪ್ರಾಮಾಣಿಕವಾಗಿ ಹಾಸಿದ್ದು ಯಾವುದು, ಕಳ್ಳತನದ್ದು ಯಾವುದು ಎಂದು ನೀರು ವಿಚಾರಿಸಲಿಲ್ಲ. ನೀರಿಗೆ ಪಾಪ-ಪುಣ್ಯ ಇಲ್ಲ. ಗಜೇಂದ್ರಗಡದ ಗುಡ್ಡದಲ್ಲಿ ಕಾಲಕಾಲೇಶ್ವರನ ಹತ್ತಿರ ಕಲ್ಲಿನಿಂದ ವರ್ಷವಿಡೀ ಜಿನುಗುವುದನ್ನು ಅಂತರಗಂಗೆ ಎಂದು ತಲೆಗೆ ಪ್ರೋಕ್ಷಿಸಿಕೊಳ್ಳುತ್ತೇವೆ. ಅದೇ ನೀರು ನೇಕಾರನ ಕುಣಿ ಮಗ್ಗದೊಳಗೆ ಜಿನುಗಿದರೆ ಥಂಡಿ ಎಂದು ಶಪಿಸುತ್ತೇವೆ. ಆ ಗುಡಿಗೆ ಯುಗಾದಿಯ ಹಿಂದಿನ ರಾತ್ರಿ ಸುಣ್ಣ ಕಲಸಿಟ್ಟರೆ ಬೆಳಗಾಗುವುದರೊಳಗೆ ತಾನೇ ಬಳಿದುಕೊಂಡಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ನಮ್ಮ ಕಸುಬು ಬಲ್ಲ ದೇವರು ಎಂದು ನನಗೆ ಅವನ ಮೇಲೆ ಒಂದು ಕೈ ಹೆಚ್ಚೇ ಭಕ್ತಿ. ಆದರೂ ಒಂದು ಸಂಗತಿ ಗಮನಿಸಿ: ಸುಣ್ಣ ಕಲಸಿಡುವ ಕೆಲಸ ಅವನೂ ನಮಗೇ ಬಿಟ್ಟಿದ್ದಾನೆ.

ಆ ಮನೆಯ ಅಯ್ಯನವರು ಈಗ ದಿನ ತೆಗೆದುಕೊಡುವ ಮುಂಚೆ ಒಮ್ಮೊಮ್ಮೆ ನನಗೆ ಫೋನ್ ಮಾಡುತ್ತಾರೆ. "ಬೆಡ್ ಯಾವಾಗ ಹಾಕೀರಿ?" ಎಂದು ಕೇಳಿ, ನಾನು ಹೇಳಿದ ತಾರೀಖಿನಿಂದ ಮುಂದಕ್ಕೆ ಪಂಚಾಂಗದ ಹಾಳೆ ತಿರುವುತ್ತಾರೆ. ಯಜಮಾನರಿಗೆ ಮಾತ್ರ ಗುರುಬಲ ಎಂದೇ ಹೇಳುತ್ತಾರೆ.