ಶಿಕ್ಷಕರ ವೇತನವೂ ಶ್ರಾವಕಧರ್ಮವೂ

ಜ್ಯೇಷ್ಠ ಶುಕ್ಲ ಪಂಚಮಿಯನ್ನು ಜೈನ ಸಮಾಜವು ಶ್ರುತಪಂಚಮಿಯೆಂದು ಆಚರಿಸುತ್ತದೆ. ತಮ್ಮ ಕಾಲಾನಂತರ ಆಗಮಜ್ಞಾನವು ಲೋಪವಾದೀತೆಂದು ಚಿಂತಿಸಿದ ಧರಸೇನಾಚಾರ್ಯರು ಅದನ್ನು ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಬೋಧಿಸಿದರು. ಆ ಶಿಷ್ಯರು ರಚಿಸಿದ ಷಟ್ಖಂಡಾಗಮವು ಈ ತಿಥಿಯಂದು ಪೂರ್ಣಗೊಂಡಿತೆಂಬುದು ಪರಂಪರೆಯ ನಂಬಿಕೆ. ಅಂದು ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಪೀಠದ ಮೇಲಿರಿಸಿ ಪೂಜಿಸುತ್ತಾರೆ. ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆಯುವುದೂ ಅದೇ ದಿನಗಳಲ್ಲಿ. ಗ್ರಂಥಕ್ಕೆ ಅರ್ಘ್ಯವೆತ್ತುವ ಸಮಾಜವು, ಆ ಗ್ರಂಥವನ್ನು ಓದಲು ಅಕ್ಷರ ಕಲಿಸಿದವರ ಮನೆಯ ಒಲೆ ಹೇಗೆ ಉರಿಯುತ್ತಿದೆಯೆಂದು ವಿಚಾರಿಸುವುದೂ ಶ್ರುತಪೂಜೆಯ ಒಂದು ಅಂಗವಲ್ಲವೆ?

ವಿದ್ಯೆಗೆ ಆಶ್ರಯ ಬೇಕೆಂಬುದನ್ನು ಈ ನಾಡು ಬಹು ಹಿಂದೆಯೇ ಬಲ್ಲದು. ಸವದತ್ತಿಯು ಸುಗಂಧವರ್ತಿಯಾಗಿದ್ದಾಗ ರಟ್ಟರ ಶಾಂತಿವರ್ಮನು ಜಿನಾಲಯವನ್ನು ಕಟ್ಟಿಸಿ ಅದಕ್ಕೆ ಭೂಮಿಯನ್ನು ಬಿಟ್ಟುದನ್ನು ಕ್ರಿ.ಶ. 980ರ ಶಾಸನವು ಹೇಳುತ್ತದೆ. ಭೂಮಿಯನ್ನು ಬಿಡುವುದೆಂದರೆ ಒಂದು ದಿನದ ಸನ್ಮಾನವಲ್ಲ, ವರ್ಷವರ್ಷವೂ ಬರುವ ಉತ್ಪನ್ನ. ರಾಮದುರ್ಗದ ನೆರೆಯ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಅಜಿತಸೇನಾಚಾರ್ಯರ ಶಿಷ್ಯನಾಗಿ, ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಅದೇ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಯ ಮೇಲೆ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ ಎಷ್ಟು ದಿನಗಳ ದುಡಿಮೆ! ಆ ಕೈಗಳಿಗೆ ಅನ್ನವಿಕ್ಕದೆ ಶಾಸ್ತ್ರದಾನವು ನಡೆಯುವಂತಿರಲಿಲ್ಲ.

ಇಂದಿನ ಸ್ಥಿತಿಯನ್ನು ನೋಡಬೇಕು. ಸರ್ಕಾರದ ಖಾಯಂ ಶಿಕ್ಷಕರಿಗೆ 2024ರ ಆಗಸ್ಟ್ 1ರಿಂದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ ಪರಿಷ್ಕೃತ ವೇತನ ದೊರೆಯಿತು. ಆದರೆ ಅದೇ ಶಾಲೆಯ ಪಕ್ಕದ ಕೋಣೆಯಲ್ಲಿ ಅದೇ ಪಾಠವನ್ನು ಹೇಳುವ ಅತಿಥಿ ಶಿಕ್ಷಕರಿಗೆ ಪ್ರಾಥಮಿಕ ಹಂತದಲ್ಲಿ ತಿಂಗಳಿಗೆ 10,000 ರೂಪಾಯಿಗಳ ಗೌರವಧನವಿತ್ತು. 2025ರ ಮುಂಗಡಪತ್ರದಲ್ಲಿ ಅದಕ್ಕೆ 2,000 ರೂಪಾಯಿಗಳನ್ನು ಸೇರಿಸಲಾಯಿತು. ಬೇಸಿಗೆಯ ರಜೆಯಲ್ಲಿ ಅದೂ ಇಲ್ಲ. ಹಸಿವಿಗೆ ಮಾತ್ರ ರಜೆಯಿಲ್ಲ. ಅನುದಾನವಿಲ್ಲದ ಅನೇಕ ಖಾಸಗಿ ಶಾಲೆಗಳಲ್ಲಿ ಇದಕ್ಕಿಂತಲೂ ಕಡಿಮೆ ಸಂಬಳಕ್ಕೆ ಪದವೀಧರರು ದುಡಿಯುತ್ತಾರೆ.

ವೇತನವು ಕಣ್ಣಿಗೆ ಕಾಣುತ್ತದೆ, ಹೊರೆಯು ಕಾಣುವುದಿಲ್ಲ. ಐದು ತಾಸಿನ ಪಾಠವೆಂದು ಲೋಕವು ಎಣಿಸುತ್ತದೆ. ಮನೆಗೊಯ್ದ ಉತ್ತರಪತ್ರಿಕೆಗಳು, ಮರುದಿನದ ಪಾಠದ ಸಿದ್ಧತೆ, ಬಿಸಿಯೂಟ ಮತ್ತು ಹಾಲಿನ ಲೆಕ್ಕ, ದಾಖಲೆಗಳ ಭರ್ತಿ, ವಾರ್ಷಿಕೋತ್ಸವದ ತಾಲೀಮು ಆ ಎಣಿಕೆಯಲ್ಲಿಲ್ಲ. ಖಾಸಗಿ ಶಾಲೆಯಾದರೆ ಏಪ್ರಿಲ್-ಮೇ ಬಿಸಿಲಿನಲ್ಲಿ ಮನೆಮನೆಗೆ ತಿರುಗಿ ಮಕ್ಕಳನ್ನು ದಾಖಲಿಸುವ ಕೆಲಸವೂ ಸೇರುತ್ತದೆ. ಶಿಕ್ಷಕರನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳ ಹೊರತು ಬೋಧನೇತರ ಕಾರ್ಯಕ್ಕೆ ನಿಯೋಜಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯು ವಿಧಿಸಿದೆ. ಆದಾಗ್ಯೂ 2025ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಬಳಸಲಾಯಿತು, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಆ ಕೆಲಸಕ್ಕೆ ಗೌರವಧನವಾದರೂ ನಿಗದಿಯಾಗಿತ್ತು. ಶಾಲೆಯೊಳಗಿನ ಅಘೋಷಿತ ಕೆಲಸಗಳಿಗೆ ಅದೂ ಇಲ್ಲ. ಬೈಲಹೊಂಗಲದ ಪೇಟೆಯಲ್ಲಿ ಚೀಲವೆತ್ತುವ ಹಮಾಲನಿಗೆ ಚೀಲಕ್ಕಿಷ್ಟೆಂದು ಹಮಾಲಿ ಉಂಟು. ಹತ್ತು ಚೀಲವೆಂದು ಕರೆದು ಹದಿನೈದು ಹೊರಿಸಿದರೆ ಅವನು ಹದಿನೈದರ ಕೂಲಿಯನ್ನು ಕೇಳುತ್ತಾನೆ. ಕೊಡದ ವ್ಯಾಪಾರಿಗೆ ಪೇಟೆಯಲ್ಲಿ ಮರ್ಯಾದೆಯಿಲ್ಲ. ಶಿಕ್ಷಕರ ಹೆಚ್ಚಿನ ಐದು ಚೀಲಗಳನ್ನು ಎಣಿಸುವವರು ಯಾರು?

ಆ ಎಣಿಕೆಗೆ ಬೇಕಾದ ಅಳತೆಗೋಲು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಉಮಾಸ್ವಾಮಿಗಳು ‘ಅತಿಭಾರಾರೋಪಣ’ ಮತ್ತು ‘ಅನ್ನಪಾನನಿರೋಧ’ಗಳನ್ನು ಹೇಳಿದ್ದಾರೆ. ಮಿತಿಮೀರಿ ಹೊರೆ ಹೇರುವುದು ಮೊದಲನೆಯದು. ಅನ್ನನೀರನ್ನು ತಡೆಯುವುದು ಎರಡನೆಯದು. ಚಕ್ಕಡಿಗೆ ಹತ್ತಿಯ ಅಂಡಿಗೆಗಳನ್ನು ಮಿತಿಮೀರಿ ಹೇರಿದಾಗ ಎತ್ತಿನ ನೋವನ್ನು ಕಂಡು ಮರುಗುವ ಶ್ರಾವಕನು, ಕಡಿಮೆ ವೇತನಕ್ಕೆ ಹೆಚ್ಚು ಹೊರೆ ಹೊತ್ತ ಮನುಷ್ಯನ ವಿಷಯದಲ್ಲಿ ಈ ಎರಡೂ ಅತಿಚಾರಗಳು ಒಟ್ಟಿಗೆ ಘಟಿಸುವುದನ್ನು ಕಾಣದೆ ಹೋಗಬಾರದು. ಸಹಿಯೊಂದು ಮೊತ್ತಕ್ಕೆ, ಕೈಗೆ ಬರುವುದು ಇನ್ನೊಂದು ಮೊತ್ತ ಎಂಬ ದೂರು ಖಾಸಗಿ ಶಾಲೆಗಳ ಬಗ್ಗೆ ಆಗಾಗ ಕೇಳಿಬರುತ್ತದೆ. ಅದು ನಿಜವಾದಲ್ಲೆಲ್ಲ ಸತ್ಯಾಣುವ್ರತದ ‘ಕೂಟಲೇಖಕ್ರಿಯೆ’ ಎಂಬ ಅತಿಚಾರವೂ ಸೇರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತುವುದುಂಟು. ಬೋಧನೆಯು ವ್ಯಾಪಾರವಲ್ಲ, ಸೇವೆ, ಗುರುವಾದವನು ತ್ಯಾಗಿಯಾಗಿರಬೇಕು, ವಿದ್ಯೆಯನ್ನು ಹಣದಿಂದ ತೂಗಬಾರದು. ಮಾತು ಉದಾತ್ತವಾದುದೇ. ಆದರೆ ಅದನ್ನು ಆಡುವವರು ಯಾರೆಂಬುದು ಮುಖ್ಯ. ಶಿಕ್ಷಕನೇ ಆಡಿದರೆ ಅದು ವ್ರತ, ವೇತನ ಕೊಡಬೇಕಾದವನು ಆಡಿದರೆ ಅದು ಸೌಕರ್ಯ. ಸರ್ವಸಂಗಪರಿತ್ಯಾಗಿಗಳಾದ ಮುನಿಗಳಿಗೂ ಆಹಾರದಾನದ ಹೊಣೆಯನ್ನು ಧರ್ಮವು ಶ್ರಾವಕರ ಮೇಲಿರಿಸಿದೆ. ಶಿಕ್ಷಕನಾದರೋ ಗೃಹಸ್ಥ, ಮನೆಬಾಡಿಗೆ, ಮಕ್ಕಳ ಶುಲ್ಕ, ವೃದ್ಧ ತಂದೆತಾಯಿಗಳ ಔಷಧಿ ಅವನಿಗೂ ಉಂಟು. ಗೃಹಸ್ಥನಿಗೆ ವಿಹಿತವಾದುದು ಪರಿಗ್ರಹಪರಿಮಾಣ. ಆ ಪರಿಮಾಣವನ್ನು ಅವನವನೇ ತನಗೆ ವಿಧಿಸಿಕೊಳ್ಳಬೇಕು. ಮತ್ತೊಬ್ಬರು ಗೆರೆ ಎಳೆದು ‘ಇಷ್ಟರಲ್ಲಿ ಬದುಕು’ ಎಂದರೆ ಅದು ವ್ರತವಾಗದು, ದಾರಿದ್ರ್ಯವಾದೀತು. ತನ್ನದನ್ನು ತಾನು ಬಿಡುವುದು ತ್ಯಾಗ. ಪರರು ಕೊಡದಿದ್ದುದನ್ನು ತೆಗೆದುಕೊಳ್ಳುವುದಕ್ಕೆ ಸೂತ್ರಕಾರರು ಇಟ್ಟ ಹೆಸರು ‘ಅದತ್ತಾದಾನ’, ಅದೇ ಸ್ತೇಯ. ಕೇಳದೆ ಪಡೆದ ತ್ಯಾಗವೂ ಅದತ್ತಾದಾನವೇ.

ಎರಡನೆಯ ಆಕ್ಷೇಪವು ಹೆಚ್ಚು ಪ್ರಾಮಾಣಿಕವಾದುದು. ಬಡವರ ಮಕ್ಕಳಿಂದ ಹೆಚ್ಚು ಶುಲ್ಕ ಪಡೆಯುವಂತಿಲ್ಲ, ಸಂಸ್ಥೆಯ ಕೈಯಲ್ಲಿ ಹಣವಿಲ್ಲ ಎಂಬುದು. ಸಣ್ಣ ಊರಿನ ಶಾಲೆಗಳ ಪಾಲಿಗೆ ಇದು ನೂರಕ್ಕೆ ನೂರು ಸತ್ಯವಿರಬಹುದು. ಹಾಗಿದ್ದರೆ ಲೆಕ್ಕವನ್ನಾದರೂ ಸರಿಯಾಗಿ ಬರೆಯಬೇಕು. ಜಮಾ-ಖರ್ಚನ್ನು ಬಲ್ಲವರಿಗೆ ಇದು ಕಷ್ಟವಲ್ಲ. ನ್ಯಾಯವಾಗಿ ಕೊಡಬೇಕಾದ ವೇತನವೆಷ್ಟು, ಕೊಟ್ಟುದೆಷ್ಟು ಎಂದು ಬರೆದು ಅಂತರವನ್ನು ಕಾಣಿಸಿದರೆ, ಅನೇಕ ಶಾಲೆಗಳ ಅತಿ ದೊಡ್ಡ ದಾನಿಗಳು ಯಾರೆಂಬುದು ಬೆಳಕಿಗೆ ಬರುತ್ತದೆ. ಹೆಬ್ಬಾಗಿಲಿನ ಅಮೃತಶಿಲೆಯ ಫಲಕದಲ್ಲಿ ಕೋಣೆ ಕಟ್ಟಿಸಿದವರ ಹೆಸರಿದೆ, ಫ್ಯಾನು ಕೊಡಿಸಿದವರ ಹೆಸರೂ ಇದೆ. ಇಪ್ಪತ್ತು ವರ್ಷ ತಿಂಗಳು ತಿಂಗಳೂ ತನ್ನ ಅನ್ನದ ಪಾಲನ್ನು ಸಂಸ್ಥೆಗೆ ಬಿಟ್ಟ ಶಿಕ್ಷಕಿಯ ಹೆಸರಿಲ್ಲ. ಜ್ಞಾನವನ್ನು ಮರೆಮಾಚುವ ‘ನಿಹ್ನವ’ವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂದು ಶಾಸ್ತ್ರವು ಹೇಳುತ್ತದೆ. ಜ್ಞಾನ ಕೊಟ್ಟವರ ಋಣವನ್ನು ಮರೆಮಾಚುವುದು ಅದಕ್ಕೆ ದೂರದ್ದೇನಲ್ಲ.

ಕಾನೂನು ಕೂಡ ಈ ದಾರಿಯಲ್ಲಿ ನಿಧಾನವಾಗಿ ನಡೆದಿದೆ. ಗ್ರಾಚ್ಯುಟಿ ಕಾಯ್ದೆಯ ‘ನೌಕರ’ ಎಂಬ ಪದದಲ್ಲಿ ಶಿಕ್ಷಕರು ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪಿತ್ತಿತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಅನ್ವಯಿಸುವಂತೆ ಅವರನ್ನು ಸೇರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟಿನಲ್ಲಿ ನ್ಯಾಯಾಲಯವು ತಿದ್ದುಪಡಿಯನ್ನು ಎತ್ತಿಹಿಡಿಯಿತು. ನ್ಯಾಯಾಲಯವು ಹೇಳುವವರೆಗೆ ಕಾಯುವುದು ಶ್ರಾವಕನಿಗೆ ಶೋಭಿಸದು. ಕಾನೂನು ಕೆಳಗಿನ ಗೆರೆ, ವ್ರತವು ಅದಕ್ಕಿಂತ ಮೇಲಿನದು.

ಆದುದರಿಂದ ಶಾಲೆ ನಡೆಸುವ ಬಸದಿಯ ಟ್ರಸ್ಟುಗಳು ಹೊಸ ಮಾನಸ್ತಂಭಕ್ಕೋ ಸಭಾಭವನಕ್ಕೋ ಠರಾವು ಮಾಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಹನ್ನೆರಡು ತಿಂಗಳೂ ವೇತನ ಸಲ್ಲುತ್ತಿದೆಯೆ? ಸಹಿಯ ಮೊತ್ತವೂ ಕೈಗೆ ಬಂದ ಮೊತ್ತವೂ ಒಂದೇ ಆಗಿದೆಯೆ? ಪಾಠವಲ್ಲದ ಕೆಲಸಗಳನ್ನು ಬರೆದಿಟ್ಟು, ಕೆಲವನ್ನು ಇಳಿಸಿ, ಉಳಿದವುಗಳಿಗೆ ಪ್ರತಿಫಲ ನಿಗದಿಪಡಿಸಲಾಗಿದೆಯೆ? ಶಾಲೆಯಿಲ್ಲದ ಟ್ರಸ್ಟುಗಳು ತಮ್ಮೂರಿನ ಶಾಲೆಯ ಒಬ್ಬ ಅತಿಥಿ ಶಿಕ್ಷಕರ ಎರಡು ತಿಂಗಳ ರಜೆಯ ಹೊಣೆಯನ್ನು ಹೊತ್ತರೂ ಅದು ಸಣ್ಣ ದಾನವಲ್ಲ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೊದಲನೆಯದೂ ಕೊನೆಯದೂ ಅಲ್ಲಿ ಕೂಡುತ್ತವೆ.

ಮುಂದಿನ ಶ್ರುತಪಂಚಮಿಯಂದು ಗ್ರಂಥಪೀಠದ ಮುಂದೆ ಕೈಮುಗಿಯುವಾಗ ಶಾಲೆಯ ವೇತನದ ಪಟ್ಟಿಯನ್ನೂ ಅಲ್ಲಿ ನಿಸ್ಸಂಕೋಚವಾಗಿ ಇರಿಸಬಹುದಾದಷ್ಟು ಅದು ನಿರ್ಮಲವಾಗಿರಲಿ.