ಹಫ್ಸಾರ ಮನೆಯ ಹಾಳೆಗಳು



ಓದುಬರಹ ಬಲ್ಲವರು ಬೆರಳೆಣಿಕೆಯಷ್ಟಿದ್ದ ಅರಬರ ನಾಡಿನಲ್ಲಿ ಹಝ್ರತ್ ಶಿಫಾ(ರ) ಅಕ್ಷರ ಬಲ್ಲ ಮಹಿಳೆಯಾಗಿದ್ದರು. ಪ್ರವಾದಿಪತ್ನಿ ಹಝ್ರತ್ ಹಫ್ಸಾರಿಗೆ(ರ) ಬರೆಯಲು ಕಲಿಸಿದವರು ಅವರೇ. ಹಝ್ರತ್ ಅಬೂಬಕರ್‌(ರ) ಕಾಲದಲ್ಲಿ ಸಂಗ್ರಹಿಸಲಾದ ಪವಿತ್ರ ಕುರ್‌ಆನಿನ ಹಾಳೆಗಳು, ಹಝ್ರತ್ ಉಮರ್‌ರ(ರ) ನಂತರ ಅವರ ಪುತ್ರಿ ಹಫ್ಸಾರ(ರ) ಬಳಿಯಲ್ಲಿದ್ದವು. ಪ್ರತಿಗಳನ್ನು ಮಾಡಿಸಲು ಹಝ್ರತ್ ಉಸ್ಮಾನ್(ರ) ಅವುಗಳನ್ನು ತರಿಸಿಕೊಂಡದ್ದು ಅವರಿಂದಲೇ. ಇಡೀ ಸಮುದಾಯದ ಅಮಾನತ್ ಒಬ್ಬ ಮಹಿಳೆಯ ಮನೆಯಲ್ಲಿ ಭದ್ರವಾಗಿತ್ತು!

ಆದರೆ ಕಾಲ ಸರಿದಂತೆ ನಾವು ಅಕ್ಷರವನ್ನು ಗಂಡುಮಕ್ಕಳ ಸೊತ್ತಾಗಿಸಿದೆವು. 1905ರಲ್ಲಿ ಬಂಗಾಳದ ರುಕಯ್ಯಾ ಸಖಾವತ್ ಹುಸೇನ್, ಮಹಿಳೆಯರೇ ಆಡಳಿತ ನಡೆಸುವ ನಾಡೊಂದರ ಕತೆ ಬರೆದರು. ಬರೆದು ಸುಮ್ಮನಾಗಲಿಲ್ಲ. 1911ರಲ್ಲಿ ಕಲ್ಕತ್ತಾದಲ್ಲಿ 8 ಬಾಲಕಿಯರೊಂದಿಗೆ ಶಾಲೆ ತೆರೆದರು. ಮನೆಮನೆಗೆ ಹೋಗಿ ಹೆತ್ತವರ ಮನವೊಲಿಸಿದರು.

ಇಂದು ಎಸ್ಸೆಸ್ಸೆಲ್ಸಿ ಮುಗಿಸಿದ ನಿಮ್ಮ ಮಗಳು ಕಾಲೇಜಿನ ಅರ್ಜಿ ಹಿಡಿದು ನಿಮ್ಮ ಮುಖ ನೋಡುತ್ತಿದ್ದಾಳೆ. ಒಳ್ಳೆಯ ಸಂಬಂಧ ಬಂದಿದೆ, ಕಲಿತದ್ದು ಸಾಕು ಎನ್ನುವ ಮುನ್ನ ಒಮ್ಮೆ ಯೋಚಿಸಿರಿ. ಸಂಬಂಧಗಳು ಮುಂದೆಯೂ ಬರಬಹುದು. ಕಲಿಯುವ ವಯಸ್ಸು ಮರಳಿ ಬಾರದು. ಮಗಳೂ ಒಂದು ಅಮಾನತ್. ನಾಳೆ ಅಲ್ಲಾಹನು ಅವಳ ಬಗ್ಗೆ ವಿಚಾರಿಸುವಾಗ ನಮ್ಮ ಉತ್ತರವೇನು?